ನೆವೆನಾ ಹುಡುಕಿದ ಹಳೆಯ ವಿಳಾಸಗಳು

ಡ್ಯಾನ್ಯೂಬ್ ನದಿ ದಡದ ರೂಸೆ ಊರಿನ ನಮ್ಮ ಕಂಪನಿಯಲ್ಲಿ ಇದ್ದವರು ಎಂಟೇ ಜನ. ಬಸ್ ನಿಲ್ದಾಣಗಳ ಟಿಕೆಟ್ ಯಂತ್ರಗಳೊಳಗೆ ಕೂತು ಉಳಿದ ಪ್ರೋಗ್ರಾಂಗಳನ್ನು ಓಡಿಸುವ ವರ್ಚುವಲ್ ಮಷೀನ್ ಎಂಬ ತಂತ್ರಾಂಶ ನಮ್ಮದು. ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ಭಾಗವನ್ನು ಅಸೆನ್ ಬರೆದಿದ್ದ. ಯಂತ್ರಗಳು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದವು. ಎಲ್ಲರೂ ಬೆರಳು ತೋರಿಸಿದ್ದು ಅವನತ್ತಲೇ. ಎರಡು ವರ್ಷ ಕೇಳಿಸಿಕೊಂಡ. ಆಮೇಲೆ ಕೆಲಸ ಬಿಟ್ಟು ಡ್ಯಾನ್ಯೂಬ್ ದಡದಲ್ಲಿ ದೋಣಿ ಇಂಜಿನ್ ರಿಪೇರಿಗೆ ಕೂತ. ಐದು ವರ್ಷ ಯಾರೂ ಮುಟ್ಟದ ಅವನ ಕೋಡ್ ಕೊನೆಗೆ ನೆವೆನಾ ತೋತೆವಾಳ ಪಾಲಿಗೆ ಬಂತು.

ನೆವೆನಾಗೆ ಆಗ ಐವತ್ಮೂರು. ಪ್ರೋಗ್ರಾಂ ಬರೆಯಲು ಬರುವ ಮೊದಲು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವಳು. ಕಂಪನಿಯವರಿಗೆಲ್ಲ ಅವಳು ಚಿಕ್ಕಮ್ಮ. ಅಸೆನ್‌ನ ಕೋಡನ್ನು ಮೂರು ವಾರ ಓದಿ ನಮ್ಮನ್ನೆಲ್ಲ ಕರೆದಳು.

"ಇದರಲ್ಲಿ ತಪ್ಪಿಲ್ಲ ಕಣ್ರೋ. ಗುಡಿಸುವಾಗ ಇದು ಮೆಮೊರಿಯಲ್ಲಿರೋ ವಸ್ತುಗಳನ್ನ ಬೇರೆ ಜಾಗಕ್ಕೆ ಸರಿಸುತ್ತೆ. ಅದು ಗೊತ್ತಿಲ್ದೆ ಹಳೇ ವಿಳಾಸನೇ ಹಿಡ್ಕೊಂಡು ಹೋಗೋ ಕೋಡ್ ಬೇರೆ ಎಲ್ಲೋ ಇದೆ."

"ಎಲ್ಲಿ ಚಿಕ್ಕಮ್ಮ? ಎರಡು ಲಕ್ಷ ಸಾಲು ಕೋಡ್ ಇದೆ," ಎಂದ ಮಾಲೀಕ ಸ್ಪಾಸ್.

"ನಾನೇ ಕೂತು ಓದ್ತೀನಿ ಅಂದೆನಾ? ಓದೋ ಪ್ರೋಗ್ರಾಂ ಬರೀತೀನಿ."

ಏಳು ತಿಂಗಳು ಬರೆದಳು. ಯಾವ ಕೆಲಸದ ನಡುವೆ ಗುಡಿಸುವಿಕೆ ಶುರುವಾಗಬಹುದು ಎಂದು ಆ ಪ್ರೋಗ್ರಾಂ, ಕೋಡಿನ ಒಂದು ಭಾಗ ಕೆಲಸಕ್ಕೆ ಕರೆಯುವ ಇನ್ನೊಂದು ಭಾಗದ ಜಾಡು ಹಿಡಿದು ಹೋಗುತ್ತಿತ್ತು. ಗುಡಿಸುವ ಮೊದಲು ತೆಗೆದಿಟ್ಟುಕೊಂಡ ವಿಳಾಸವನ್ನು ಆಮೇಲೆ ಯಾವುದಾದರೂ ಸಾಲು ಬಳಸಿದರೆ ಆ ಸಾಲಿಗೆ ಗುರುತು ಹಾಕುತ್ತಿತ್ತು. ಮೊದಲ ಸಲ ಎಂಟುನೂರು ಗುರುತು ಬಿದ್ದವು, ಬಹುಪಾಲು ಸುಳ್ಳು.

"ನಿಮ್ಮ ನಾಯಿ ನೆರಳು ಕಂಡ್ರೂ ಬೊಗಳುತ್ತಲ್ಲ," ಎಂದೆ ನಾನು.

"ಬೊಗಳ್ಲಿ ಬಿಡು. ಕಳ್ಳನ್ನ ನೋಡಿ ಬಾಲ ಅಲ್ಲಾಡಿಸೋದಕ್ಕಿಂತ ವಾಸಿ."

ಜರಡಿ ಹಿಡಿಯುತ್ತ ಹೋದಂತೆ ಹನ್ನೊಂದು ಉಳಿದವು. ಒಂದು ಬೆಳಿಗ್ಗೆ ಬಾನಿತ್ಸಾ ಎಂಬ ಚೀಸಿನ ತಿಂಡಿ ತಿನ್ನುತ್ತ ಪಟ್ಟಿ ನೋಡುತ್ತಿದ್ದವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಒಂದು ಗುರುತು ಬಿದ್ದಿದ್ದು ಟಿಕೆಟ್ ಮೇಲೆ ಊರಿನ ಹೆಸರು ಅಚ್ಚು ಮಾಡುವ ಭಾಗದ ಮೇಲೆ. ಹೆಸರಿನ ವಿಳಾಸ ತೆಗೆದುಕೊಂಡು, ಟಿಕೆಟ್ಟಿಗೆ ಮೆಮೊರಿಯಲ್ಲಿ ಹೊಸ ಜಾಗ ಕೇಳಿ (ಜಾಗ ಸಾಲದಿದ್ದರೆ ಗುಡಿಸುವಿಕೆ ಶುರುವಾಗುವುದು ಆಗಲೇ), ಮತ್ತೆ ಅದೇ ವಿಳಾಸಕ್ಕೆ ಹೋಗುತ್ತಿತ್ತು. ಬರೆದವಳು ಅವಳೇ, ಅಸೆನ್ ಇನ್ನೂ ನಮ್ಮೊಂದಿಗಿದ್ದಾಗ.

ಎರಡು ಸಾಲು ಬದಲಿಸಿ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಹಾಗೆ ಮಾಡಲಿಲ್ಲ. ಪ್ರತಿ ಸಲ ಹೊಸ ಜಾಗ ಕೇಳಿದಾಗಲೂ ಗುಡಿಸುವಂತೆ ಮಾಡಿ ಪರೀಕ್ಷೆಗೆ ಹಚ್ಚಿದಳು. ಮೊದಲ ಟಿಕೆಟ್ಟಿಗೇ ಯಂತ್ರ ನಿಂತಿತು.

"ಮಿಕ್ಕ ಹತ್ತೂ ತಪ್ಪೇ. ಆದ್ರೆ ದಿನಾ ಓಡೋದು ಇದೊಂದೇ," ಎಂದಳು ಎಲ್ಲರ ಮುಂದೆ. "ಯಂತ್ರ ನಿಲ್ಲಿಸ್ತಿದ್ದೋಳು ನಾನು."

ಮಧ್ಯಾಹ್ನವೇ ನದಿಗೆ ಹೊರಟಳು. ಜೊತೆಗೆ ನಾನೂ ಹೋದೆ. ತಪ್ಪು ತನ್ನದೆಂದು ಅವಳು ಹೇಳಿದಾಗಲೂ ಅಸೆನ್ ಇಂಜಿನ್ನಿನಿಂದ ತಲೆಯೆತ್ತಲಿಲ್ಲ.

"ಕೆಲಸ ಬಿಟ್ಟು ಆರು ವರ್ಷ ಆಯ್ತು ಚಿಕ್ಕಮ್ಮ. ಏನೋ ಕದ್ದು ಸಿಕ್ಕಿಬಿದ್ದಿದೀನಿ ಅಂತಾನೇ ನಮ್ಮಮ್ಮ ನಂಬಿದ್ಲು."

"ಅವಳ ಹತ್ರ ನಾನೇ ಹೋಗಿ ಹೇಳ್ತೀನಿ."

"ಹೋದ ವರ್ಷ ತೀರ್ಕೊಂಡ್ಲು."

ನೆವೆನಾ ದೋಣಿಯ ಅಂಚಿನ ಮೇಲೆ ಕೂತುಬಿಟ್ಟಳು. ಕೊನೆಗೆ ಅವನೇ ಕೈ ಒರೆಸಿಕೊಂಡು ಅವಳು ತಂದಿದ್ದ ಪಟ್ಟಿಯನ್ನೂ ಪ್ರೋಗ್ರಾಂನ ಹಾಳೆಗಳನ್ನೂ ಕೇಳಿದ. ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿದ.

"ವಿಳಾಸ ಇನ್ನೊಂದು ವಸ್ತುವಿನ ಒಳಗೆ ಅಡಗಿದ್ರೆ ನಿಮ್ಮ ಪ್ರೋಗ್ರಾಂಗೆ ಕಾಣಲ್ಲ."

"ಕಾಣಲ್ವಾ?"

"ಪೆನ್ ಕೊಡಿ."

ಅವನು ಕಂಪನಿಗೆ ಮರಳಲಿಲ್ಲ. ಆದರೆ ಆ ಬೇಸಿಗೆಯೆಲ್ಲ ಗುರುವಾರ ಗುರುವಾರ ನೆವೆನಾ ನದಿ ದಡಕ್ಕೆ ಹೋಗುತ್ತಿದ್ದಳು, ಅವನು ತಿದ್ದಿಕೊಟ್ಟ, ಎಣ್ಣೆ ಮೆತ್ತಿದ ಹಾಳೆಗಳೊಂದಿಗೆ ಬರುತ್ತಿದ್ದಳು.