ಮುಖ ನೋಡಿ ಟೈಪ್ ಮಾಡುತ್ತಿದ್ದ ಜಲಜಕ್ಕ

ಜಲಜಕ್ಕ ಟೈಪ್ ಮಾಡುವಾಗ ಕೀಬೋರ್ಡನ್ನೂ ನೋಡುತ್ತಿರಲಿಲ್ಲ, ಸ್ಕ್ರೀನನ್ನೂ ನೋಡುತ್ತಿರಲಿಲ್ಲ. ಅರ್ಜಿ ಬರೆಸಲು ಎದುರು ಕೂತವರ ಮುಖವನ್ನೇ ನೋಡುತ್ತಿದ್ದರು. ಬೆರಳುಗಳು ತಮ್ಮ ಪಾಡಿಗೆ ಓಡುತ್ತಿದ್ದವು. ಮೊದಲ ಸಲ ಬಂದವರಿಗೆ ಈ ಹೆಂಗಸು ಬರೆಯುತ್ತಿದ್ದಾಳೋ, ಸುಮ್ಮನೆ ಮೇಜು ಕುಟ್ಟುತ್ತಿದ್ದಾಳೋ ಎಂದು ಅನುಮಾನ ಬರುತ್ತಿತ್ತು.

ಕುಂದಾಪುರದಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ತಾಗಿಕೊಂಡೇ ಅವರ ಟೈಪಿಂಗ್ ಕೋಣೆ. ದಿನಾ ಬ್ರಹ್ಮಾವರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹುಡುಗಿಯಾಗಿದ್ದಾಗ ಟೈಪ್‌ರೈಟರಿನಲ್ಲಿ ಕಲಿತ ಕೈ. ಅವರ ಕೀಬೋರ್ಡಿನಲ್ಲಿ ಒಂದಕ್ಷರವೂ ಉಳಿದಿರಲಿಲ್ಲ, ಎಲ್ಲ ಸವೆದು ಬೋಳಾಗಿತ್ತು. "ಹೊಸ್ತ್ ಹಾಕಿ ಕೊಡ್ಲಾ ಅಕ್ಕಾ?" ಎಂದರೆ, "ಅಕ್ಷರ ಇದ್ರೆ ಕಣ್ ಅಲ್ಲಿಗೇ ಹೋತ್ ಮಾರಾಯ. ಬೋಳೇ ಇರ್ಲಿ" ಎನ್ನುತ್ತಿದ್ದರು.

ಅದು ಬರೀ ಹಟ ಎಂದುಕೊಂಡಿದ್ದೆ. ಒಂದು ದಿನ ಅದು ಸುಳ್ಳಾಯಿತು. ಶಂಕರನಾರಾಯಣ ಊರಿನ ಕಡೆಯ ಮುದುಕರೊಬ್ಬರು ತಮ್ಮನ ಜೊತೆ ಬಂದಿದ್ದರು. ಬಾವಿಯ ನೀರಿನ ಹಕ್ಕು ಬಿಟ್ಟುಕೊಡುವ ಒಪ್ಪಿಗೆ ಪತ್ರ. ತಮ್ಮ ಹೇಳುತ್ತಿದ್ದ, ಅಣ್ಣ ಹ್ಞೂಂಗುಟ್ಟುತ್ತಿದ್ದರು. ಅರ್ಧದಲ್ಲಿ ಜಲಜಕ್ಕನ ಬೆರಳು ನಿಂತಿತು. "ಹ್ವಾಯ್, ನಿಮ್ ಬಾಯಿ ಹೌದ್ ಅಂತ್, ಮುಖ ಅಲ್ಲ ಅಂತ್. ಹೊರಗ್ ಹೋಯಿ ಒಂದ್ ಚಾ ಕುಡ್ಕಂಡ್ ಬನ್ನಿ." ಹೋದ ಮುದುಕರು ಒಬ್ಬರೇ ವಾಪಸು ಬಂದು, "ಬರೆಯೂದ್ ಬ್ಯಾಡ ಅಮ್ಮಾ" ಎಂದು ಕೈಮುಗಿದು ಹೊರಟುಹೋದರು. ಆ ದಿನದ ಸಂಪಾದನೆ ಹೋಯಿತಲ್ಲ ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಅವರ ಹಳೆ ಕಂಪ್ಯೂಟರ್ ಕೈಕೊಟ್ಟಾಗ ಹೊಸದನ್ನು ಆರಿಸಿದವನು ನಾನೇ. ಪರದೆ ಬಿಚ್ಚಿದರೆ ಟ್ಯಾಬ್, ಕೀಬೋರ್ಡಿಗೆ ಸಿಕ್ಕಿಸಿದರೆ ಕಂಪ್ಯೂಟರ್. ಹಾಸಿಗೆ ಹಿಡಿದವರು ಮನೆಗೆ ಬಂದು ಬರೆದುಕೊಡಿ ಎಂದು ಕರೆಯುತ್ತಿದ್ದ ಕಾಲ ಅದು. ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಎಂದು ನನಗೇ ಭಾರೀ ಖುಷಿ. ಕೀಬೋರ್ಡ್ ಕಳಚಿದ ಕೂಡಲೇ ಯಂತ್ರ ತನ್ನಿಂತಾನೇ ವೇಷ ಬದಲಿಸುತ್ತಿತ್ತು: ಪರದೆಯ ಚಿತ್ರಗಳು ಅಂಗೈಯಷ್ಟಗಲ, ಬರೆಯುವ ಕಾಗದ ಮೇಲಿನ ಅರ್ಧಕ್ಕೆ, ಕೆಳಗಿನ ಅರ್ಧದಲ್ಲಿ ಗಾಜಿನ ಮೇಲೆ ಅಕ್ಷರಗಳು. "ಒತ್ತಕ್ಷರ ಎಲ್ಲಿತ್ತಾ?" ಎಂದರು. ತೋರಿಸಿದೆ. "ಬೆರಳಿಗ್ ಎಂತದೂ ಸಿಕ್ಕುದಿಲ್ಲ ಅಲ್ದಾ ಇದ್ರಗೆ?" ಎಂದರು. "ನಾಕ್ ದಿನ ಅಕ್ಕಾ, ಅಭ್ಯಾಸ ಆತ್. ಕೀಬೋರ್ಡ್ ಹೊತ್ಕಂಡ್ ತಿರ್ಗುದೆಂತಕೆ, ಇಲ್ಲೇ ಬಿಟ್ಟ್ ಹೋಯ್ನಿ" ಎಂದೆ. "ಅಡ್ಡಿಲ್ಲ" ಎಂದರು.

ಆಮೇಲೆ ಮುತ್ತಕ್ಕನ ಮನೆಯಿಂದ ಕರೆ ಬಂತು. ಬೈಂದೂರಿನ ಕಡೆಯ ಮೀನು ಮಾರುವ ಮುದುಕಿ, ಕಾಲು ಮುರಿದುಕೊಂಡು ಮಲಗಿದ್ದಳು. ಮಾರ್ಕೆಟಿನಲ್ಲಿ ತಾನು ಕೂರುತ್ತಿದ್ದ ಕಟ್ಟೆಯನ್ನು ಸೊಸೆಯ ಹೆಸರಿಗೆ ಬಿಡುವ ಪತ್ರ. ಮಗ ಹೇಳುತ್ತಾ ಹೋದ, ಜಲಜಕ್ಕ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಬರೆದರು, ಓದಿ ಹೇಳಿದರು. ಮುತ್ತಕ್ಕ "ಹ್ಞೂಂ" ಎಂದಳು. ಇಲ್ಲಿಗೆ ಬಂದು ಪ್ರಿಂಟ್ ತೆಗೆದುಕೊಟ್ಟರು, ಮಗ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡ.

ಕೆಲವು ತಿಂಗಳ ನಂತರ ಜಲಜಕ್ಕ ಆ ಕಡೆ ಹೋಗಿದ್ದಾಗ, ಮಾರ್ಕೆಟಿನ ಹೊರಗೆ ರಸ್ತೆಯಂಚಿನ ಬಿಸಿಲಲ್ಲಿ ಬುಟ್ಟಿ ಇಟ್ಟುಕೊಂಡು ಮುತ್ತಕ್ಕ ಕೂತಿದ್ದಳಂತೆ. ಒಳಗೆ ಕಟ್ಟೆಯ ಮೇಲೆ ಸೊಸೆ. ಎಂತಕೆ ಇಲ್ಲಿ ಎಂದು ಕೇಳಿದರೆ, "ನೀವೇ ಬರ್ದ್ ಕೊಟ್ರಿ ಅಲ್ದಾ ಅಮ್ಮಾ. ಮಗನ ಎದ್ರಿಗೆ ಬಾಯಿ ಬಿಡೂಕ್ ಆಯ್ಲಿಲ್ಲ. ನಿಮ್ಗ್ ಗೊತ್ತಾತ್ ಅಂದೇಳಿ ನಿಮ್ ಮುಖವೇ ಕಾಂತಿದ್ದೆ. ನೀವ್ ತಲಿ ಎತ್ಲೇ ಇಲ್ಲ" ಎಂದಳಂತೆ. ಬೇರೆ ಅರ್ಜಿ ಬರೆದುಕೊಡುತ್ತೇನೆ ಎಂದು ಜಲಜಕ್ಕ ಎಷ್ಟು ಹೇಳಿದರೂ ಒಪ್ಪಲಿಲ್ಲ. "ಬ್ಯಾಡ ಅಮ್ಮಾ, ಮನ್ಯಗೆ ಗಲಾಟಿ."

ಮರುದಿನ ಬೆಳಿಗ್ಗೆ ಆ ಯಂತ್ರವನ್ನು ತಂದು ನನ್ನ ಮೇಜಿನ ಮೇಲಿಟ್ಟರು. ನಡೆದದ್ದನ್ನೆಲ್ಲ ಹೇಳಿ, "ನಾನ್ ಒತ್ತಕ್ಷರ ಹುಡ್ಕತಾ ಇದ್ದಿದ್ದೆ" ಎಂದರು.

ನಾನು ದೊಡ್ಡ ಜಾಣನ ಹಾಗೆ ಬಾಯಿ ಹಾಕಿದೆ. "ನಿಮ್ ಬೋಳು ಕೀಬೋರ್ಡ್ ಇದಕ್ಕೂ ಹಾಕ್ಲಕ್ ಅಕ್ಕಾ. ಈ ವೇಷ ಬದ್ಲಾಪುದನ್ನೂ ನಿಲ್ಸುಕಾತ್. ಸೆಟ್ಟಿಂಗಿಗೆ ಹೋಯಿ ಎರಡ್ ಸಲ ಒತ್ತಿರೆ ಮುಗೀತ್."

"ಎರಡೇ ಸಲವಾ?"

"ಹೌದ್."

"ಅದನ್ ಅವತ್ತೇ ಹೇಳೂಕ್ ಎಂತ ಆಯಿತ್?"

"ನೀವ್ ಅಡ್ಡಿಲ್ಲ ಅಂದ್ರಿ ಅಲ್ದಾ ಅಕ್ಕಾ."

ಅವರು ನನ್ನ ಮುಖ ನೋಡಿದರು. "ಬಾಯಗ್ ಅಂದದ್ದ್" ಎಂದರು.

ಆಮೇಲೆ ಅವರು ಬರಲಿಲ್ಲ. ಬ್ರಹ್ಮಾವರದ ಮನೆಗೆ ಎರಡು ಸಲ ಹೋದೆ. ಚಹಾ ಕೊಟ್ಟು ಚೆನ್ನಾಗಿಯೇ ಮಾತಾಡಿಸಿದರು, ಟೈಪಿಂಗ್ ಸುದ್ದಿ ಮಾತ್ರ ತೆಗೆಯಲಿಲ್ಲ. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರ ಕೋಣೆಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಹಳೆ ಕಂಪ್ಯೂಟರಿನ ಜೊತೆ ಬಂದ ಬೋಳು ಕೀಬೋರ್ಡ್ ನನ್ನ ಬಳಿಯೇ ಉಳಿದಿದೆ.

ನನ್ನನ್ನು ಕಾಡುವುದು ಆ "ಅಡ್ಡಿಲ್ಲ". ಅದನ್ನು ಹೇಳುವಾಗ ಅವರ ಮುಖ ಹೇಗಿತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಹೊಸ ಗಾಜಿನ ಮೇಲೆ ಬಿದ್ದ ಬೆರಳಚ್ಚನ್ನು ಒರೆಸುತ್ತಾ, ನಾನು ಸ್ಕ್ರೀನ್ ನೋಡುತ್ತಿದ್ದೆ.