ಅತ್ತೆಯ ಬಿಳಿ ಬಟ್ಟೆ

ಗಣಿ ಮಾಲೀಕರ ಸಂಘದ ಕಾರ್ಯದರ್ಶಿ ಎಂದರೆ ಅಧಿಕಾರಿಗಳಿಗೆ ಬೆಣ್ಣೆ ಹಚ್ಚುವವರು ಎಂದುಕೊಂಡವರು ನನ್ನ ಸೋದರತ್ತೆಯನ್ನು ನೋಡಿಲ್ಲ. ಗಣಿಗಳ ಪರವಾಗಿ ಸರ್ಕಾರದ ಮುಂದೆ ವಾದಿಸುವುದೇ ಅವರ ಕೆಲಸ. ಅದಕ್ಕೆ ಬೈಸಿಕೊಂಡದ್ದೂ ಉಂಟು. "ಬೈಯೋರಿಗೂ ಮನೆ ಕಟ್ಟೋಕೆ ಕಬ್ಬಿಣ ಬೇಕಲ್ಲ, ಬೈಲಿ ಬಿಡು" ಎಂದು ನಗುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಯಾವ ಗಣಿಯ ಪರ ಮಾತಾಡಬೇಕೋ, ಮೊದಲು ಅದರ ಬೇಲಿಯ ಮೇಲೆ ಒಂದು ಒದ್ದೆ ಬಿಳಿ ಬಟ್ಟೆ ಒಣಹಾಕಿಸುತ್ತಿದ್ದರು. ಸಂಜೆಯೊಳಗೆ ಅದು ಧೂಳಿಗೆ ಕೆಂಪಾದರೆ ಮುಗಿಯಿತು, ಆ ಗಣಿಯ ಹೆಸರು ಅವರ ಬಾಯಲ್ಲಿ ಬರುತ್ತಿರಲಿಲ್ಲ.

ಒಂದು ಸಲ ಕೆಂಪಾದದ್ದು ನಮ್ಮಪ್ಪನ ಗಣಿಯ ಬಟ್ಟೆ.

"ಅಕ್ಕಾ, ನಾನು ನಿನ್ನ ಒಡಹುಟ್ಟಿದೋನು!" ಎಂದು ಅಪ್ಪ ಸಂಘದ ಕಚೇರಿಯಲ್ಲೇ ಕೂಗಾಡಿದ.

"ಅದಕ್ಕೇ ಎರಡು ಸಲ ಒಣಹಾಕ್ಸಿದೆ. ಮೊದ್ಲು ರಸ್ತೆಗೆ ನೀರು ಹೊಡಿಸು, ಲಾರಿಗಳಿಗೆ ಟಾರ್ಪಾಲು ಹೊದಿಸು. ಆಮೇಲೆ ಬಾ."

ಅಪ್ಪ ಮುಖ ಊದಿಸಿಕೊಂಡು ತಿಂಗಳುಗಟ್ಟಲೆ ಅತ್ತೆಯ ಮನೆಯ ಮೆಟ್ಟಿಲು ಹತ್ತಲಿಲ್ಲ. ಆದರೆ ನೀರು ಹೊಡೆಸಿದ, ಟಾರ್ಪಾಲನ್ನೂ ಹೊದಿಸಿದ.

ಮುಂದೆ ಹೊಸ ಗಣಿಗಳ ಅನುಮತಿಗಾಗಿ ಸಾರ್ವಜನಿಕ ಸಭೆ ನಡೆಯಿತು. ಸಭಾಂಗಣ ಕಿಕ್ಕಿರಿದಿತ್ತು. ಅತ್ತೆಯ ಮಾತು ಮುಗಿಯುತ್ತಲೇ ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: "ನೀವು ಗಣಿಯವರ ಪರ ಮಾತಾಡೋದೇನೋ ಸರಿ. ಯಾವತ್ತಾದ್ರೂ ಒಬ್ಬ ಗಣಿಯವನಿಗೆ ಆಗಲ್ಲ ಅಂದಿದ್ದೀರಾ?"

ಅತ್ತೆ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ಅಪ್ಪ ಎದೆಯುಬ್ಬಿಸಿ ಎದ್ದು ನಿಂತ.

"ಅಂದಿದ್ದಾರೆ ಸಾರ್, ನನಗೇ ಅಂದಿದ್ದಾರೆ. ನಾನು ಅವರ ಸ್ವಂತ ತಮ್ಮ!"