ಬಾಗಿಲ ಕಲ್ಲಿನ ಮೇಲಿನ ಸಲ್ಯೂಟು

ಸತ್ತವರು ಬರುತ್ತಾರೆ, ಸದ್ದು ಮಾಡುತ್ತಾರೆ ಎಂದು ಯಾರಾದರೂ ಹೇಳಿದರೆ ಬೈದು ಕಳಿಸುತ್ತಿದ್ದವಳು ನಾನು. ಬದುಕಿದ್ದಾಗಲೇ ಬಾರದವರು ಸತ್ತ ಮೇಲೆ ಯಾಕೆ ಬರುತ್ತಾರೆ ಎನ್ನುತ್ತಿದ್ದೆ. ಈಗಲೂ ನಂಬಿದ್ದೇನೆ ಎಂದು ಹೇಳಲಾರೆ. ನನ್ನ ಮನೆ ಬಾಗಿಲಲ್ಲಿ ಆಗಿದ್ದನ್ನು ಆದ ಹಾಗೆ ಬರೆಯುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ನಮ್ಮದು ಮೊಳಕಾಲ್ಮೂರು. ರೇಷ್ಮೆ ಸೀರೆ ನೇಯುವ ಮನೆ. ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ ಕುಣಿಮಗ್ಗ ಇದೆ. ಕುಣಿಯೊಳಗೆ ಕಾಲು ಇಳಿಬಿಟ್ಟು, ತಲೆ ಬಗ್ಗಿಸಿ ನೇಯುತ್ತಿದ್ದರೆ ಬೀದಿಯಲ್ಲಿ ಹೋಗುವವರ ಕಾಲು ಮಾತ್ರ ಕಾಣುತ್ತದೆ. ಬಾಗಿಲ ಹೊರಗೆ ಒಂದು ಚಪ್ಪಡಿ ಕಲ್ಲು. ಅದು ಮೊದಲಿನಿಂದಲೂ ಒಂದು ಮೂಲೆ ಅಲುಗುತ್ತಿತ್ತು. ಯಾರಾದರೂ ಜೋರಾಗಿ ಕಾಲಿಟ್ಟರೆ ಎರಡು ಸದ್ದು. ಒಂದು ಕಾಲಿನದು, ಇನ್ನೊಂದು ಕಲ್ಲು ತಿರುಗಿ ತನ್ನ ಜಾಗದಲ್ಲಿ ಕೂರುವುದರದು. ಆ ಅದುರು ನೆಲದಲ್ಲಿ ಬಂದು ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಿಗೆ ತಾಗುತ್ತಿತ್ತು. ಯಾರು ಬಂದರು ಎಂದು ಕತ್ತೆತ್ತದೆ ಹೇಳುತ್ತಿದ್ದೆ.

ನನ್ನ ಮಗ ತಿಪ್ಪೇಸ್ವಾಮಿ ಮಿಲಿಟರಿಯಲ್ಲಿ ಸಿಪಾಯಿ. ರಜೆಗೆ ಬಂದಾಗಲೆಲ್ಲ ಆ ಕಲ್ಲಿನ ಮೇಲೆ ನಿಂತು, ಬೂಟುಗಾಲು ಅಪ್ಪಳಿಸಿ, ನನಗೆ ಸಲ್ಯೂಟ್ ಹೊಡೆದೇ ಒಳಗೆ ಬರುತ್ತಿದ್ದ. "ಎಳೆ ಕಿತ್ತೋಗ್ತಾವೆ ಕಣೋ, ಮೆಲ್ಲಗೆ ಬಾ" ಎಂದು ಬೈಯುತ್ತಿದ್ದೆ. ಅವನ ಮಗಳು ಕಾವ್ಯಳಿಗೆ ಆಗ ಏಳೋ ಎಂಟೋ ವರ್ಷ. ಅವಳೂ ಅಪ್ಪನ ಹಾಗೆ ಕಾಲು ಕುಟ್ಟುವಳು. "ನೀನು ಆಫೀಸರಾಗಿ ಬಾ. ಈ ಕಲ್ಲಿನ ಮೇಲೆ ನಾನೇ ನಿಂಗೆ ಸಲ್ಯೂಟ್ ಹೊಡೀತೀನಿ" ಎಂದು ಅವಳಿಗೆ ಹೇಳುತ್ತಿದ್ದ.

"ಹೆತ್ತ ಮಗಳಿಗೆ ಸಲ್ಯೂಟ್ ಹೊಡೀತೀಯೇನೋ, ನಾಚಿಕೆ ಆಗಲ್ವಾ?" ಎಂದೆ ಒಂದು ಸಲ.

"ಮಗಳಿಗಲ್ಲವ್ವ, ಹೆಗಲ ಮೇಲಿನ ನಕ್ಷತ್ರಕ್ಕೆ" ಎಂದ.

ಮುಂದಿನ ವರ್ಷ ಹಿಮದ ಗುಡ್ಡ ಜರಿದು ಅವನು, ಅವನ ಜೊತೆಯವರು ಸಿಕ್ಕಿಕೊಂಡರು. ಉಳಿದವರ ಹೆಣ ಸಿಕ್ಕವು. ನನ್ನ ಮಗನದು ಸಿಗಲಿಲ್ಲ. ಬಹಳ ದಿನ ಹುಡುಕಿ, ಸತ್ತಿದ್ದಾನೆ ಎಂದು ಹೇಳಿ ಕಳಿಸಿದರು. ನಾನು ಒಪ್ಪಲಿಲ್ಲ. ಹೆಣ ನೋಡದೆ ತಿಥಿ ಮಾಡುವುದಿಲ್ಲ ಎಂದೆ. ಸೊಸೆ ರತ್ನಳ ತಾಳಿ, ಕಾಲುಂಗುರ ತೆಗೆಯಲು ಬಿಡಲಿಲ್ಲ.

ಅದರಿಂದ ಅವಳಿಗೆ ಏನಾಯಿತು ಎಂದರೆ, ಮುತ್ತೈದೆಯರ ಮನೆಗೆ ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯಲಿಲ್ಲ. ಗಂಡ ಸತ್ತವರ ಸಾಲಿಗೂ ಸೇರಿಸಲಿಲ್ಲ. ತಾಳಿ ಇದ್ದೂ ಇಲ್ಲದ ಹಾಗೆ ಹದಿನೈದು ವರ್ಷ ಕಳೆದಳು. ನನ್ನ ಎದುರಿಗೆ ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

ಕಾವ್ಯ ಚಳ್ಳಕೆರೆಯಲ್ಲಿ ನನ್ನ ತಂಗಿ ಮನೆಯಲ್ಲಿದ್ದು ಡಿಗ್ರಿ ಮುಗಿಸಿದಳು. ಪರೀಕ್ಷೆ ಬರೆದು ಚೆನ್ನೈಗೆ ಆಫೀಸರ್ ಟ್ರೈನಿಂಗಿಗೆ ಹೋದಳು. ಅದು ಮುಗಿದ ದಿನ ಹೆತ್ತವರು ಬಂದು ಮಕ್ಕಳ ಹೆಗಲಿಗೆ ನಕ್ಷತ್ರ ಹಾಕಬೇಕಂತೆ, ಒಂದು ಹೆಗಲು ತಾಯಿಗೆ, ಒಂದು ತಂದೆಗೆ. ನನಗೆ ಮಂಡಿನೋವು, ಹೋಗಲಿಲ್ಲ. ರತ್ನ ಹೋದಳು. ಎರಡೂ ಹೆಗಲಿಗೆ ಅವಳೇ ಹಾಕಿದಳು. ಕಸರತ್ತು ಕಲಿಸುವ ಉಸ್ತಾದ, ಹಿಂದಿನ ದಿನದವರೆಗೂ ಇವಳನ್ನು ಬಿಸಿಲಲ್ಲಿ ಉರುಳಾಡಿಸಿದ ದಪ್ಪಮೀಸೆಯವನು, ಎದುರು ನಿಂತು ಸಲ್ಯೂಟ್ ಹೊಡೆದು ಮೇಡಂ ಅಂದನಂತೆ. ಅಲ್ಲಿಯ ಪದ್ಧತಿ ಅದು. ಕಾವ್ಯ ಫೋನಿನಲ್ಲಿ ಹೇಳಿದಳು. "ಅಲ್ಲಿ ಸಿಕ್ಕಿದ್ದು ಉಸ್ತಾದರ ಸಲ್ಯೂಟು, ಅಜ್ಜಿ. ಮನೇಲಿ ಸಿಗಬೇಕಾದ್ದು ಬೇರೆ ಐತೆ."

"ನಿಮ್ಮಪ್ಪ ಬಂದಾಗ ಇಸ್ಕೊಳ್ಳುವಂತೆ" ಎಂದೆ. ಅವಳು ಫೋನ್ ಇಟ್ಟಳು.

ಊರಿಗೆ ಬಂದ ದಿನ ಚಳ್ಳಕೆರೆಯಲ್ಲಿ ಬಟ್ಟೆ ಇಸ್ತ್ರಿ ಮಾಡಿಸಿ, ಯೂನಿಫಾರ್ಮು, ಟೋಪಿ ಹಾಕಿಕೊಂಡೇ ಬಂದಳು. ಬಿಸಿಲು ಏರಿತ್ತು. ನಾನು ಮಗ್ಗದಲ್ಲಿದ್ದೆ. ಪಕ್ಕದ ಮನೆಯ ಗಂಗಮ್ಮ ಆರತಿ ತಟ್ಟೆಗೆ ಕೆಂಪು ನೀರು ಕಲಸಿ ಇಟ್ಟುಕೊಂಡು ಬಾಗಿಲ ಪಕ್ಕ ಕಾಯುತ್ತಿದ್ದಳು. ತಾಯಿ ಮಗಳು ಬಂದು ನಿಂತರು. ರತ್ನ ತಟ್ಟೆಗೆ ಕೈ ಚಾಚಿದಳು.

"ನೀನು ಬ್ಯಾಡ ಕಣೇ. ಒಳ್ಳೇ ಕೆಲಸ, ನಾನೇ ಎತ್ತುತೀನಿ" ಎಂದಳು ಗಂಗಮ್ಮ.

ನಾನು ಮಗ್ಗದಿಂದಲೇ ಕೂಗಿದೆ. "ಕೊಡೇ ಅವಳ ಕೈಗೆ. ನನ್ನ ಮಗ ಸತ್ತಿಲ್ಲ. ಅವಳು ಎತ್ತಿದ್ರೆ ಏನಾಗ್ತೈತೆ?"

"ನಂಗೇನವ್ವ, ನಿಮ್ಮ ಮನೆ, ನಿಮ್ಮ ಮಾತು" ಎಂದು ಗಂಗಮ್ಮ ತಟ್ಟೆ ಕೊಟ್ಟು ಆಚೆ ಸರಿದಳು.

ರತ್ನ ತಟ್ಟೆ ಹಿಡಿದು ನಿಂತಳೇ ಹೊರತು ಎತ್ತಲಿಲ್ಲ. ಕಾವ್ಯಳಿಗೆ ಬೇಸರವಾಗಿರಬೇಕು. "ಆರತಿನೂ ಬ್ಯಾಡ, ಏನೂ ಬ್ಯಾಡ" ಎಂದು ಕಲ್ಲು ದಾಟಿ, ಹೊಸಿಲು ದಾಟಿ ಒಳಗೆ ಬಂದಳು. ಬಂದವಳು ಅಮ್ಮನನ್ನು ಕರೆಯಲು ಬಾಗಿಲ ಕಡೆ ತಿರುಗಿದಳು. ಆಗ ಕಲ್ಲಿನ ಮೇಲೆ ಯಾರೂ ಇರಲಿಲ್ಲ. ರತ್ನ ಒಂದು ಪಕ್ಕ, ಗಂಗಮ್ಮ ಇನ್ನೊಂದು ಪಕ್ಕ. ನಡುವೆ ಖಾಲಿ ಕಲ್ಲು. ನಾನು ಕಣ್ಣಾರೆ ನೋಡುತ್ತಿದ್ದೆ.

ಕಲ್ಲಿನ ಮೇಲೆ ಬೂಟುಗಾಲು ಬಿತ್ತು. ಅದರ ಹಿಂದೆಯೇ ಕಲ್ಲು ತಿರುಗಿ ಕೂತ ಸದ್ದು. ನನ್ನ ಕೈ ಕೆಳಗೆ ಹಾಸಿನ ಎಳೆಗಳೆಲ್ಲ ಒಮ್ಮೆಗೇ ಅದುರಿದವು. ಕಾವ್ಯಳ ಬಲಗೈ ಟೋಪಿಯವರೆಗೆ ಹೋಗಿ ನಿಂತು, ಆಮೇಲೆ ಇಳಿಯಿತು.

ನಾನೇ ಕೇಳಿದೆ. "ಯಾರಿಗೆ ಕೈ ಎತ್ತಿದೆ?"

"ಸಲ್ಯೂಟ್ ಹೊಡೆದ್ರಲ್ಲ ಅಜ್ಜಿ. ಹೊಡೆದ್ರೆ ತಿರುಗಿ ಕೊಡಬೇಕು."

"ಯಾರು ಹೊಡೆದ್ರು?"

ಅವಳು ಕಲ್ಲನ್ನು ನೋಡಿದಳು. "ಗೊತ್ತಿಲ್ಲ. ಸದ್ದು ಕೇಳಿಸ್ತು, ಕೈ ತಾನೇ ಹೋಯ್ತು" ಎಂದಳು.

ರತ್ನ ಆರತಿ ತಟ್ಟೆಯನ್ನು ಗಂಗಮ್ಮನ ಕೈಗೆ ವಾಪಸು ಕೊಟ್ಟಳು. ಒಳಗೆ ಬಂದು ಮಗ್ಗದ ಪಕ್ಕ ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಅಳಲಿಲ್ಲ.

"ಅತ್ತೆ, ಬದುಕಿರೋರು ಬಂದಿದ್ರೆ ಕಣ್ಣಿಗೆ ಕಾಣ್ತಿದ್ರು. ಇನ್ನು ಸಾಕು ಮಾಡ್ರಿ" ಎಂದಳು.

ನನ್ನ ಮಗ ಬದುಕಿದ್ದು ಬಂದಿದ್ದರೆ ಒಳಗೆ ಬಂದು ಉಣ್ಣಲು ಕೇಳುತ್ತಿದ್ದ. ಅಷ್ಟು ನನಗೂ ತಿಳಿಯುತ್ತದೆ. ರತ್ನ ಅಲ್ಲೇ ಕೂತು ಕಾಲುಂಗುರ ಬಿಡಿಸತೊಡಗಿದಳು. ಮದುವೆಯಾದಾಗಿನಿಂದ ಬೆರಳಿಗೆ ಕಚ್ಚಿಕೊಂಡಿದ್ದವು, ಬರಲಿಲ್ಲ. ನಾನೇ ಎಣ್ಣೆ ಹಚ್ಚಿ ತೆಗೆದೆ. ಆ ವಾರವೇ ತಿಥಿ ಮಾಡಿಸಿದೆವು. ಹೆಣದ ಬದಲು ಅವನ ಹಳೇ ಬೂಟು ಇಟ್ಟು ಸುಟ್ಟೆವು.

ಗಂಗಮ್ಮನನ್ನು ಆಮೇಲೆ ಕೇಳಿದೆ. ಏನೋ ದೊಪ್ಪೆಂದಿತು, ಬೀದಿಯಲ್ಲಿ ಯಾರೋ ಮೂಟೆ ಇಳಿಸಿರಬೇಕು ಎಂದಳು. ಇರಬಹುದು. ಆಸೆ ಇದ್ದವರ ಕಿವಿಗೆ ಏನೇನೋ ಕೇಳಿಸುತ್ತದೆ ಎಂದು ನಾನೇ ಎಷ್ಟು ಜನಕ್ಕೆ ಹೇಳಿಲ್ಲ. ಆದರೆ ನನಗೆ ಇದ್ದ ಆಸೆ ಅವನು ಬದುಕಿರಲಿ ಎಂದು. ನನಗೆ ಕೇಳಿಸಿದ್ದು ಅದಲ್ಲ.

ಇನ್ನೊಂದು ಹೇಳಬೇಕು. ಆ ಕಲ್ಲು ಈಗ ಅಲುಗುವುದಿಲ್ಲ, ಆ ದಿನವೂ ಅಲುಗುತ್ತಿರಲಿಲ್ಲ. ಕಾವ್ಯ ಚೆನ್ನೈಗೆ ಹೋಗುವ ಮೊದಲೇ, ನಾನು ಎಡವಿ ಬೀಳುತ್ತೇನೆ ಎಂದು ಗಾರೆಯವನನ್ನು ಕರೆಸಿ ಸುತ್ತಲೂ ಸಿಮೆಂಟು ತುಂಬಿಸಿದ್ದಳು. ತಿಥಿ ಮುಗಿದ ಮೇಲೆ ಅವನನ್ನೇ ಕರೆಸಿ ಹಾರೆ ಹಾಕಿ ಮೀಟಿಸಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. "ಯಾಕಜ್ಜಿ, ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?" ಎಂದು ಅವನು ಮುನಿಸಿಕೊಂಡು ಹೋದ.

ಕಾವ್ಯ ಈಗ ಎಲ್ಲೋ ಗಡಿಯಲ್ಲಿದ್ದಾಳೆ. ರಜೆಗೆ ಬಂದಾಗಲೆಲ್ಲ ನಾನು ಮಗ್ಗದಲ್ಲಿ ಕೂತು, ಎಳೆಗಳ ಮೇಲೆ ಅಂಗೈ ಇಟ್ಟು, ಕಲ್ಲಿನ ಮೇಲೆ ಜೋರಾಗಿ ಕಾಲು ಅಪ್ಪಳಿಸು ಎನ್ನುತ್ತೇನೆ. ಯಾಕೆಂದು ಅವಳು ಕೇಳುವುದಿಲ್ಲ. ಇದ್ದ ಬಲವನ್ನೆಲ್ಲ ಬಿಟ್ಟು ಅಪ್ಪಳಿಸುತ್ತಾಳೆ.

ಒಂದೇ ಸದ್ದು ಬರುತ್ತದೆ.